ನಿರ್ಮಲಮ್ಮನ ಬಿನ್ನವತ್ತಳೆ

"ಈ ಸಲ ನೀವು ಬರೆಯೋ ತ್ರಾಸು ತಗೋಬ್ಯಾಡ್ರಿ ಸಾಬ್ರೇ. ಬರೆಯೋದೆಲ್ಲ ಆಗೈತಿ. ಒಂದು ಕಟ್ಟು ಹಾಕಿಕೊಟ್ರೆ ಸಾಕು," ಎನ್ನುತ್ತ ವೀರೇಶ ಸುರುಳಿ ಸುತ್ತಿ ತಂದಿದ್ದ ದಪ್ಪ ಹಾಳೆಯನ್ನು ಮೇಜಿನ ಮೇಲೆ ಬಿಚ್ಚಿದ. ಮುನೀರ್ ಅಹ್ಮದ್ ಆಗ ಒಂದು ಗಾಜಿನ ಮೇಲೆ ಅರ್ಧ ಗೆರೆ ಎಳೆದಿದ್ದ. ಗೆರೆ ಎಳೆಯುವಾಗ ನಡುವೆ ಕೈ ನಿಲ್ಲಿಸಬಾರದು. ನಿಲ್ಲಿಸಿದರೆ ಗಾಜು ತನಗೆ ತೋಚಿದ ಕಡೆ ಒಡೆದುಕೊಳ್ಳುತ್ತದೆ. ಗೊತ್ತಿದ್ದೂ ಅವನ ಕೈ ನಿಂತಿತು.

ಶಿಕಾರಿಪುರದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಮುನೀರನ ಕಟ್ಟಿನ ಅಂಗಡಿ. ದೇವರ ಪಟ, ಮದುವೆಯ ಜೋಡಿ, ತೀರಿಕೊಂಡವರ ಫೋಟೋ ಎಲ್ಲವೂ ಅವನ ಕೈಯಲ್ಲಿ ಗಾಜಿನೊಳಗೆ ಸೇರಿ ಗೋಡೆಗೆ ಹೋಗುತ್ತವೆ. ಅದು ಹೊಟ್ಟೆಪಾಡು. ಆದರೆ ಎರಡು ತಾಲೂಕಿನ ಜನ ಅವನನ್ನು ಬಲ್ಲದ್ದು ಇನ್ನೊಂದು ಕಾರಣಕ್ಕೆ. ಮೇಷ್ಟ್ರು ನಿವೃತ್ತರಾದರೆ, ಊರಿಗೆ ಬೇಕಾಗಿದ್ದ ಡಾಕ್ಟರು ವರ್ಗವಾಗಿ ಹೊರಟರೆ, ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟಮೇಲೆ ಸಭೆಯಲ್ಲಿ ಗಟ್ಟಿಯಾಗಿ ಓದಿ ಅವರ ಕೈಗೆ ಒಪ್ಪಿಸುತ್ತಾರಲ್ಲ, ಆ ಬಿನ್ನವತ್ತಳೆಯನ್ನು ಬರೆದುಕೊಡುವವನೂ ಅವನೇ. ಬೇರೆ ಊರುಗಳಲ್ಲಿ ಬರೆಯುವವರೊಬ್ಬರು, ಕಟ್ಟು ಹಾಕುವವರೊಬ್ಬರು. ಇಲ್ಲಿ ಎರಡಕ್ಕೂ ಒಂದೇ ಅಂಗಡಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ, ಮನೆಯಲ್ಲಿ ಉರ್ದು ಆಡುವ ಮನುಷ್ಯ ಇಂಥ ಕನ್ನಡ ಎಲ್ಲಿ ಕಲಿತ ಎಂದು ಹೊಸಬರು ಕೇಳಿದರೆ ಅವನು ನಾಚಿಕೊಂಡು, "ನಿರ್ಮಲಮ್ಮ ಅಕ್ಕೋರ ಸಂಜೆ ಕ್ಲಾಸಿನಲ್ಲಿ ರೀ," ಎನ್ನುತ್ತಿದ್ದ.

ಈಗ ನಿವೃತ್ತರಾಗುತ್ತಿದ್ದವರು ಅದೇ ನಿರ್ಮಲಮ್ಮ.

"ಯಾರು ಬರೆದಿದ್ದು?" ಎಂದ ಮುನೀರ್, ಹಾಳೆಯ ಅಂಚನ್ನು ಬೆರಳಲ್ಲಿ ಒತ್ತಿಹಿಡಿದು. ಸುತ್ತಲೂ ಬಂಗಾರದ ಬಣ್ಣದ ಬಳ್ಳಿ, ಮೇಲೆ ಶಾರದೆಯ ಚಿತ್ರ, ನಡುವೆ ಅಚ್ಚುಕಟ್ಟಾದ ಅಕ್ಷರ.

"ಇದು ಬರೀತು." ವೀರೇಶ ಜೇಬಿನಿಂದ ಫೋನು ತೆಗೆದು ಅದರ ಬೆನ್ನು ತಟ್ಟಿದ. ಸೊರಬದ ಅಂಚಿನಲ್ಲಿರುವ ಶಾಲೆಯಲ್ಲಿ ನಿರ್ಮಲಮ್ಮನ ಜೊತೆ ಕೆಲಸ ಮಾಡುವ ಹುಡುಗು ಮೇಷ್ಟ್ರು ಅವನು. ದಿನಾ ಶಿಕಾರಿಪುರದಿಂದ ಬೈಕಿನಲ್ಲಿ ಓಡಾಡುತ್ತಿದ್ದ. "ಹೋದ ವರ್ಷ ಜಟ್ಟಪ್ಪ ಮೇಷ್ಟ್ರಿಗೆ ನೀವು ಬರ್ದಿದ್ರಲ್ಲ, ಅದರ ಫೋಟೋ ಹೊಡ್ದು ಹಾಕ್ದೆ. 'ಇದೇ ಥರ ಇನ್ನೊಂದು ಬರಿ. ಮೇಡಂದು ಮೂವತ್ತಾರು ವರ್ಷ ಸರ್ವೀಸು. ಗಂಡ ಇಲ್ಲ, ಮಕ್ಕಳಿಲ್ಲ. ಸ್ಕೂಲ್ ಹುಡುಗ್ರಂದ್ರೆ ಪ್ರಾಣ' ಅಂದೆ. ಚಾ ಲೋಟ ಕೆಳಗಿಡೋದ್ರಾಗೆ ಮುಗಿಸಿ ಕೂತಿತ್ತು."

"ನಂಗೊಂದು ಮಾತು ಹೇಳಿದ್ರೆ..."

"ನಿಮಗೆ ಹೇಳಿದ್ರೆ ಆಗತೈತಿ. ಯಾವಾಗ ಅಂತ ಹೇಳಾಕೆ ಬರಂಗಿಲ್ಲ." ವೀರೇಶ ನಕ್ಕ. "ಜಟ್ಟಪ್ಪ ಮೇಷ್ಟ್ರು ಶಾಲು ಹೊದ್ಕಂಡು ಬೆವರಾಕತ್ತಿದ್ರು. ನಿಮ್ಮ ಬಿನ್ನವತ್ತಳೆ ಇನ್ನೂ ಬಸ್ಸಿನಾಗೆ ಬರಾಕತ್ತಿತ್ತು. ಹೆಡ್ ಮೇಷ್ಟ್ರು ಅವತ್ತೇ ಅಂದಿದ್ರು, ಸಾಬ್ರ ಬರವಣಿಗಿ ಚಲೋ, ಆದ್ರೆ ಎದಿ ಹೊಡ್ಕಳ್ಳೋದು ನಮಗೆ ಅಂತ."

ಅದು ಸುಳ್ಳಲ್ಲ. ಮುನೀರ್ ಒಂದು ಪದಕ್ಕೆ ಎರಡು ದಿನ ಕಾಯುವವನು. ಬರೆದದ್ದನ್ನು ಹೊಡೆದುಹಾಕಿ, ಹೊಡೆದುಹಾಕಿದ್ದೇ ಚೆನ್ನಾಗಿತ್ತೇನೋ ಎಂದು ಮತ್ತೆ ಬರೆಯುವವನು. ನಿರ್ಮಲಮ್ಮನ ನಿವೃತ್ತಿ ಈ ಜನವರಿಗೆ ಎಂದು ತಿಳಿದಂದಿನಿಂದ, ಯಾರೂ ಕೇಳದಿದ್ದರೂ, ಅವನು ನಾಲ್ಕು ಹಾಳೆ ಬರೆದು ಡ್ರಾಯರಿನಲ್ಲಿಟ್ಟಿದ್ದ. ತನ್ನನ್ನು ಕೇಳದೆ ಇನ್ಯಾರನ್ನು ಕೇಳುತ್ತಾರೆ ಎಂಬ ಧೈರ್ಯ ಅವನಿಗಿತ್ತು. ಈಗ ಆ ಡ್ರಾಯರನ್ನು ಮೊಣಕಾಲಿನಿಂದ ಒತ್ತಿ ಮುಚ್ಚಿ, ಮುಂದಿದ್ದ ಬರಹವನ್ನು ಓದತೊಡಗಿದ.

'ಮಲೆನಾಡಿನ ಸೆರಗಿನಲ್ಲಿ ಅಕ್ಷರದ ಹಣತೆ ಹಚ್ಚಿದ ಮಹನೀಯರೇ' ಎಂದು ಶುರುವಾಗಿತ್ತು. ಅವನ ಕಿವಿ ಬಿಸಿಯಾಯಿತು. ಜಟ್ಟಪ್ಪ ಮೇಷ್ಟ್ರಿಗೂ ಅವರ ಹಿಂದಿನ ಎಷ್ಟೋ ಜನರಿಗೂ ತಾನು ಹಚ್ಚಿದ ಹಣತೆ ಅದು. ಮುಂದಿನ ಸಾಲುಗಳೂ ಹಾಗೆಯೇ. ಎಲ್ಲಿ ಒಂದು ಉದ್ದದ ಮಾತು ಬೇಕೋ ಅಲ್ಲಿ ಉದ್ದದ ಮಾತು, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲುಗಡೆ. ತಪ್ಪು ಹುಡುಕಲೆಂದೇ ಎರಡು ಸಲ ಓದಿದ. ಸಿಗಲಿಲ್ಲ. ತಾನು ಎರಡು ದಿನ ಕಾಯುತ್ತಿದ್ದ ಪದಗಳು ಇಲ್ಲಿ ಕರೆದ ಕೂಡಲೇ ಬಂದು ಸಾಲಾಗಿ ಕೂತಿದ್ದವು. ಹಾಗಾದರೆ ಇಷ್ಟು ವರ್ಷ ತಾನು ಕಾಯುತ್ತಿದ್ದುದಾದರೂ ಯಾವುದಕ್ಕೆ?

ಕೊನೆಯ ಪ್ಯಾರಾಕ್ಕೆ ಬಂದಾಗ ಅವನು ನಿಂತ.

'ಬರಿದಾದ ಮಡಿಲಲ್ಲಿ ಸಾವಿರ ಮಕ್ಕಳನ್ನು ಕೂರಿಸಿಕೊಂಡ ತಾಯಿ ನೀವು. ಕಾಣದೆ ಹೋದ ಒಂದು ನಗುವನ್ನು ಅವರೆಲ್ಲರ ಮುಖದಲ್ಲಿ ಕಂಡಿರಿ.'

"ಈ ಸಾಲು ತೆಗೀರಿ ಮೇಷ್ಟ್ರೇ," ಎಂದ. ತನ್ನ ಧ್ವನಿ ತನಗೇ ಒರಟಾಗಿ ಕೇಳಿಸಿತು.

"ಯಾವುದು? ಅಯ್ಯೋ, ಅದೇ ಅಲ್ರೀ ಇರೋದ್ರಾಗೆ ಬೆಸ್ಟು! ಹೆಡ್ ಮೇಷ್ಟ್ರು ಅದನ್ನ ಓದಿ ಕನ್ನಡಕ ತೆಗ್ದು ಒರಸ್ಕಂಡ್ರು."

"ಅಕ್ಕೋರಿಗೆ ನೋವಾಗತೈತಿ."

"ಮಕ್ಕಳಿಲ್ಲ ಅನ್ನೋದು ಸೊರಬಕ್ಕೆಲ್ಲ ಗೊತ್ತೈತಿ. ಅದ್ರಾಗೆ ನೋವೇನು? ಒಳ್ಳೆ ಮಾತೇ ಐತಲ್ಲ." ವೀರೇಶ ಅವನನ್ನು ಒಂದು ಕ್ಷಣ ನೋಡಿದ. "ನೀವು ಬರೆಯಾಕೆ ಬಿಡ್ಲಿಲ್ಲ ಅಂತ ಬ್ಯಾಸರ ಮಾಡ್ಕಬ್ಯಾಡ್ರಿ ಸಾಬ್ರೇ. ನಿಮ್ದು ನೋಡೇ ಅದು ಬರ್ದಿದ್ದು. ಅರ್ಧ ನಿಮ್ದೇ ಅಂದ್ಕಳ್ರಿ."

ಮುನೀರನಿಗೆ ಕಾರಣ ಗೊತ್ತಿತ್ತು, ಹೇಳುವ ಹಾಗಿರಲಿಲ್ಲ. ಹೇಳುವುದಿಲ್ಲವೆಂದು ಮೂವತ್ಮೂರು ವರ್ಷದ ಹಿಂದೆ ಮಾತು ಕೊಟ್ಟಿದ್ದ.

ಆಗ ಅವನು ಬೇರೊಬ್ಬರ ಅಂಗಡಿಯಲ್ಲಿ ಗಾಜು ಕೊಯ್ಯುತ್ತಿದ್ದ. ನಿರ್ಮಲಮ್ಮ ಹೊಸದಾಗಿ ನೌಕರಿಗೆ ಸೇರಿ ಶಿಕಾರಿಪುರದಲ್ಲಿದ್ದರು. ಶಾಲೆ ಬಿಟ್ಟಮೇಲೆ ಅದೇ ಕೋಣೆಯಲ್ಲಿ, ಕೆಲಸ ಮಾಡುವ ದೊಡ್ಡವರಿಗೆ ಎಸ್ಸೆಸ್ಸೆಲ್ಸಿ ಕಟ್ಟಿಸಲು ಸಂಜೆ ಕ್ಲಾಸು ನಡೆಸುತ್ತಿದ್ದರು. ಹೆರಿಗೆಗೆಂದು ಹಾನಗಲ್ಲಿನ ತವರಿಗೆ ಹೋದವರು ನಾಲ್ಕು ತಿಂಗಳಾದಮೇಲೆ ಒಂದು ಮಧ್ಯಾಹ್ನ ಒಬ್ಬರೇ ಅಂಗಡಿಗೆ ಬಂದು, ಬ್ಯಾಗಿನಿಂದ ಒಂದು ಫೋಟೋ ತೆಗೆದು ಅವನ ಮುಂದಿಟ್ಟರು. ಬಿಳಿ ಬಟ್ಟೆಯಲ್ಲಿ ಸುತ್ತಿದ ಮಗು, ಕಣ್ಣು ಮುಚ್ಚಿತ್ತು. "ಸಣ್ಣ ಕಟ್ಟು ಹಾಕಿಕೊಡು ಮುನೀರ. ಯಾರಿಗೂ ಹೇಳ್ಬೇಡ," ಎಂದರು. ಅವನು ಕಟ್ಟು ಹಾಕುವವರೆಗೂ ಅಲ್ಲೇ ಸ್ಟೂಲಿನ ಮೇಲೆ ಕೂತು, ಗೋಡೆಯ ಕಡೆ ಮುಖ ಮಾಡಿ, "ಐವತ್ತು ದಿನ ಇತ್ತು ಅಷ್ಟೆ. ಇನ್ನೂ ನಗೋಕೆ ಶುರು ಮಾಡಿರಲಿಲ್ಲ," ಎಂದರು. ಇಪ್ಪತ್ತೊಂದು ವರ್ಷದ ಅವನಿಗೆ ಏನು ಹೇಳಬೇಕೆಂದು ತೋಚದೆ, ಆಗಲೇ ಹೊಡೆದಿದ್ದ ಮೊಳೆಗೇ ಮತ್ತೆ ಹೊಡೆದಿದ್ದ. ಆ ಪಟವನ್ನು ಅವರ ಯಜಮಾನರು ಸಿದ್ಧಲಿಂಗೇಶಪ್ಪನವರು ಗೋಡೆಗೆ ಹಾಕಗೊಡಲಿಲ್ಲ, ಅಷ್ಟು ಎಳೆಯ ಕೂಸಿನ ಪಟ ಮನೆಯಲ್ಲಿ ತೂಗಹಾಕುವ ಪದ್ಧತಿ ಇಲ್ಲವೆಂದರು ಎಂಬುದು ಆಮೇಲೆ ಎಂದೋ ಅವರ ಬಾಯಿಂದಲೇ ಗೊತ್ತಾಯಿತು. ಮುಂದಿನ ವರ್ಷ ಅವರಿಗೆ ಸೊರಬ ತಾಲೂಕಿಗೆ ವರ್ಗವಾಯಿತು. ಅಲ್ಲಿಯವರಿಗೆ ಅವರು ಮಕ್ಕಳಾಗದ ಮೇಡಂ.

ಹಾಗಿರುವಾಗ, ಕಾಣದೆ ಹೋದ ಒಂದು ನಗು ಎಂದು ಈ ಫೋನು ಹೇಗೆ ಬರೆಯಿತು? ಯಾವುದೋ ಮಾತಿಗೆ ಯಾವುದೋ ಮಾತು ಪೋಣಿಸುವಾಗ ತಾನಾಗಿ ಬಂದು ಬಿದ್ದದ್ದು ಎಂದು ಅವನ ಬುದ್ಧಿ ಹೇಳಿತು. ಅದಕ್ಕೇ ಅವನಿಗೆ ಇನ್ನಷ್ಟು ಭಯವಾಯಿತು. ಇನ್ನೂರು ಜನರ ಮುಂದೆ, ಮೈಕಿನಲ್ಲಿ, ಅವರ ಎದೆಯ ಮೇಲೆ ಇದನ್ನು ಇಡುತ್ತಾರೆ. ಇಡುವವರಿಗೆ ತಾವು ಏನು ಇಡುತ್ತಿದ್ದೇವೆಂದೇ ಗೊತ್ತಿರುವುದಿಲ್ಲ.

"ಪ್ರಿಂಟು ಶಿವಮೊಗ್ಗದಾಗೆ ಹಾಕ್ಸಿದ್ದು ರೀ. ಇನ್ನು ಬದಲಾಯಿಸಾಕೆ ಟೈಮಿಲ್ಲ. ಶನಿವಾರ ಹನ್ನೊಂದಕ್ಕೆ ಕಾರ್ಯಕ್ರಮ. ಶುಕ್ರವಾರ ಸಂಜಿಗೆ ಬಂದು ಒಯ್ತೀನಿ," ಎಂದು ವೀರೇಶ ಎದ್ದ.

"ಬೈಕಿನಾಗೆ ಗಾಜು ಉಳಿಯಂಗಿಲ್ಲ," ಎಂದ ಮುನೀರ್. "ನಾನೇ ತರ್ತೀನಿ."

"ಈ ಸಲನಾದ್ರೂ ಶಾಲು ಹೊದಿಸೋಕೆ ಮುಂಚೆ ಬರ್ರಿ ಮತ್ತೆ!"

ಎರಡು ದಿನ ಅವನು ಆ ಹಾಳೆಯನ್ನು ಮುಟ್ಟಲಿಲ್ಲ. ಶುಕ್ರವಾರ ನಮಾಜು ಮುಗಿಸಿ ಬಂದು, ಸಾಗುವಾನಿಯ ಬಣ್ಣದ ಅಗಲ ಪಟ್ಟಿ ಆರಿಸಿ, ನಾಲ್ಕು ಮೂಲೆ ಕೂಡಿಸಿ, ಗಾಜು ಒರೆಸಿಟ್ಟ. ಆಮೇಲೆ ಡ್ರಾಯರು ತೆಗೆದು ತನ್ನ ನಾಲ್ಕು ಹಾಳೆಗಳನ್ನೂ ಪಕ್ಕದಲ್ಲಿಟ್ಟುಕೊಂಡ. ಊಟದ ಡಬ್ಬಿ ತಂದ ಹೆಂಡತಿ ರುಕ್ಸಾನಾ ಬಾಗಿಲಲ್ಲೇ ನಿಂತು ನೋಡಿದಳು. ಅವರಿಬ್ಬರ ಮಾತು ಉರ್ದುವಿನಲ್ಲಿ.

"ಮೂರು ತಿಂಗಳಿಂದ ಆ ಟೀಚರಮ್ಮನಿಗೆ ಬರೀತಾನೇ ಇದೀರಿ. ಸಾಮಾನಿನ ಚೀಟಿ ಬರೆದುಕೊಡಿ ಅಂದ್ರೆ ಮಾತ್ರ ನಿಮಗೆ ಪೆನ್ನು ಸಿಗಲ್ಲ."

"ಇದು ಬೇಡವಂತೆ. ಫೋನು ಬರೆದುಕೊಟ್ಟಿದೆಯಂತೆ."

ಅವಳು ಡಬ್ಬಿ ಕೆಳಗಿಟ್ಟಳು. ಅವಳಿಗೆ ಕನ್ನಡ ಓದಲು ಬಾರದು. "ಅದನ್ನೂ ಓದಿ, ಇದನ್ನೂ ಓದಿ. ಕೇಳ್ತೀನಿ," ಎಂದಳು. ಅವನು ಎರಡನ್ನೂ ಓದಿದ. ಅಚ್ಚಾದದ್ದನ್ನು ಕೇಳುವಾಗ ಅವಳು ತಲೆದೂಗಿದಳು. ಅವನ ಹಾಳೆಯಲ್ಲಿದ್ದುದು ಇಂಥದ್ದು: 'ನಿಮ್ಮ ಸಂಜೆ ತರಗತಿಯಲ್ಲಿ ನಾವು ಹನ್ನೊಂದು ಜನ. ಬೆಂಚುಗಳು ಸಣ್ಣ ಮಕ್ಕಳವು. ಮೊಣಕಾಲು ಎದೆಗೆ ತಾಗುತ್ತಿತ್ತು. ಕರೆಂಟು ಹೋದರೆ ನೀವು ಪಾಠ ನಿಲ್ಲಿಸದೆ, ಕತ್ತಲಲ್ಲೇ ಪ್ರಶ್ನೆ ಕೇಳುತ್ತಿದ್ದಿರಿ. ಉತ್ತರ ಗೊತ್ತಿಲ್ಲದವರ ಮುಖ ಕಾಣಬಾರದೆಂದೇ ನೀವು ದೀಪ ತರಿಸುತ್ತಿರಲಿಲ್ಲವೆಂಬುದು ನಮಗೆ ತಡವಾಗಿ ತಿಳಿಯಿತು.' ಓದುತ್ತ ಓದುತ್ತ ಅವನ ದನಿ ಇಳಿಯಿತು. ಇದಕ್ಕೆ ಸಭೆಯಲ್ಲಿ ಯಾರು ಚಪ್ಪಾಳೆ ಹೊಡೆಯುತ್ತಾರೆ?

"ನಿಮ್ಮದು ಹೇಗಿದೆ ಅಂದ್ರೆ," ರುಕ್ಸಾನಾ ಯೋಚಿಸಿ ಹೇಳಿದಳು, "ಮನೆಯಲ್ಲಿ ಕೂತು ಮಾತಾಡಿದ ಹಾಗಿದೆ. ಅದು ಮದುವೆ ಊಟದ ಹಾಗಿದೆ. ಸಭೆಗೆ ಅದೇ ಸರಿ ಅನ್ಸುತ್ತೆ. ಬೇಜಾರಾಯ್ತಾ?"

"ಇಲ್ಲ," ಎಂದ. ಅವಳು ಹೋದಮೇಲೆ ಅಚ್ಚಾದ ಹಾಳೆಯನ್ನು ಪಕ್ಕಕ್ಕೆ ಸರಿಸಿ, ತನ್ನದನ್ನೇ ಜೋಡಿಸಿ ಗಾಜಿನ ಹಿಂದಿಟ್ಟು, ರಟ್ಟು ಮುಚ್ಚಿ ಎರಡು ಮೊಳೆಯನ್ನೂ ಹೊಡೆದ. ತಿರುಗಿಸಿ ನೋಡಿದ. ಕೆಳಗೆ 'ಶಾಲಾ ಸಿಬ್ಬಂದಿ, ವಿದ್ಯಾರ್ಥಿಗಳು ಹಾಗೂ ಗ್ರಾಮಸ್ಥರು' ಎಂದು ಇರಬೇಕಾದ ಕಡೆ ಏನೂ ಇರಲಿಲ್ಲ. ಗೌರವ ಅವರು ಕೊಡುತ್ತಿರುವುದು. ಅವರ ಮಾತು ಕಿತ್ತು ತನ್ನ ಮಾತು ತುರುಕಲು ತಾನು ಯಾರು? ನಿಜವಾಗಿಯೂ ಅಕ್ಕೋರಿಗೆ ನೋವಾಗದಿರಲೆಂದು ಮಾಡುತ್ತಿರುವುದೋ, ಇಲ್ಲ ತನ್ನದು ಓದಲಿಲ್ಲವಲ್ಲ ಎಂಬ ಹೊಟ್ಟೆಯುರಿಗೋ? ಎಷ್ಟು ಕೇಳಿಕೊಂಡರೂ ಅವನಿಗೆ ಖಾತ್ರಿಯಾಗಲಿಲ್ಲ. ಖಾತ್ರಿಯಾಗದ ಮೇಲೆ ಹಾಗೆ ಮಾಡಬಾರದೆಂದು ಮೊಳೆ ಕಿತ್ತ. ಆ ಒಂದು ಸಾಲಿನ ಮೇಲೆ ಬಂಗಾರದ ಕಾಗದದ ಪಟ್ಟಿ ಇಟ್ಟು ನೋಡಿದ. ಗಾಯಕ್ಕೆ ಪಟ್ಟಿ ಕಟ್ಟಿದ ಹಾಗೆ ಕಂಡಿತು. ಅದನ್ನೂ ತೆಗೆದ. ಕಡೆಗೆ ಅಚ್ಚಾದ ಹಾಳೆಗೇ ಕಟ್ಟು ಹಾಕಿ, ಹಿಂದೆ ಕಂದು ಕಾಗದದಿಂದ ಸಂದು ಮುಚ್ಚಿ, ತನ್ನ ಅಂಗಡಿಯ ಚೀಟಿ ಅಂಟಿಸಿದ. ಬೆಳಿಗ್ಗೆ ಬೇಗ ಹೋಗಿ, ಸಭೆ ಶುರುವಾಗುವ ಮುಂಚೆ ಅಕ್ಕೋರನ್ನು ಕಂಡು, ಹೀಗೊಂದು ಮಾತು ಬರುತ್ತದೆ, ಎದೆ ಗಟ್ಟಿ ಮಾಡಿಕೊಳ್ಳಿ ಎಂದು ಹೇಳಿಬಿಡುವುದು ಎಂದು ತೀರ್ಮಾನಿಸಿದ ಮೇಲೆ ಊಟದ ಡಬ್ಬಿ ತೆಗೆದ.

ಶನಿವಾರ ಎಂಟೂವರೆಯ ಬಸ್ಸು ಶಿರಾಳಕೊಪ್ಪದವರೆಗೆ ಚೆನ್ನಾಗಿಯೇ ಬಂತು. ಅಲ್ಲಿ ಸಂತೆ ಮಾಳದ ಹತ್ತಿರ ಒಂದು ಲಾರಿ ರಸ್ತೆಗೆ ಅಡ್ಡ ನಿಂತಿತ್ತು. ಮುನೀರ್ ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದ ಕಟ್ಟನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡು, ಗಳಿಗೆಗೊಮ್ಮೆ ಗಡಿಯಾರ ನೋಡುತ್ತ ಕೂತಿದ್ದ. ಪಕ್ಕದ ಸೀಟಿಗೆ ಬಂದ ಹೆಂಗಸು ಬುಟ್ಟಿಯನ್ನು ಕಾಲ ಬಳಿ ಇಟ್ಟು, ಬೆಡ್‌ಶೀಟನ್ನು ನೋಡಿ ದನಿ ತಗ್ಗಿಸಿದಳು.

"ಯಾರು ಹೋದ್ರು ಸಾಬ್ರೇ?"

"ಯಾರೂ ಹೋಗಿಲ್ಲಮ್ಮ. ಫೋಟೋ ಅಲ್ಲ ಇದು, ಬರಹ. ಟೀಚರೊಬ್ರು ರಿಟೈರಾಗ್ತಾರೆ, ಅವರ ಬಗ್ಗೆ."

"ಇದ್ದೋರ ಬಗ್ಗೆ ಬರ್ದು ಕಟ್ಟು ಹಾಕ್ಸೋದಾ? ಚೊಲೋ ಆತು ಮಾರಾಯ್ರಾ." ಅವಳು ಬಾಯಿಗೆ ಸೆರಗಿಟ್ಟು ನಕ್ಕಳು. "ನಂದೂ ಒಂದು ಬರ್ದುಕೊಡಿ. ಜಡೆ ಊರಿನ ತುಂಗಮ್ಮ, ನಲ್ವತ್ತು ವರ್ಷ ಸೊಸೆ ಆಗಿ ಸರ್ವೀಸ್ ಮಾಡಿದಾಳೆ, ಇನ್ನೂ ರಿಟೈರು ಮಾಡ್ಲಿಲ್ಲ ಅತ್ತೆ ಅಂತ."

ಬಸ್ಸಿನಲ್ಲಿ ಮುಂದೆ ಕೂತವರು ನಕ್ಕರು. ಬೇರೆ ದಿನವಾಗಿದ್ದರೆ ಅವನು ಅವಳ ಅತ್ತೆಯ ಹೆಸರು ಕೇಳಿ, ಅಲ್ಲೇ ಎರಡು ಸಾಲು ಕಟ್ಟಿ ಹೇಳುತ್ತಿದ್ದ. ಇವತ್ತು ಕಟ್ಟನ್ನು ಇನ್ನಷ್ಟು ಬಿಗಿಯಾಗಿ ಹಿಡಿದು ಮತ್ತೆ ಗಡಿಯಾರ ನೋಡಿದ. ಲಾರಿ ಸರಿಯುವಷ್ಟರಲ್ಲಿ ಹತ್ತೂಮುಕ್ಕಾಲು.

ಶಾಲೆಯ ಗೇಟು ತಲುಪಿದಾಗ ನಿರ್ಮಲಮ್ಮ ಆಗಲೇ ವೇದಿಕೆಯ ನಡುವಿನ ಕುರ್ಚಿಯಲ್ಲಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಹೆಗಲ ಮೇಲಿನ ಶಾಲಿನ ಭಾರಕ್ಕೆ ಇನ್ನಷ್ಟು ಸಣ್ಣಗೆ ಕಂಡರು. ಮುನೀರ್ ಅವರ ಕಡೆ ಕೈ ಎತ್ತಬೇಕೆನ್ನುವುದರೊಳಗೆ ವೀರೇಶ ಓಡಿಬಂದು, "ಅಂತೂ ಬಂದ್ರಲ್ಲಪ್ಪ!" ಎಂದು ಕಟ್ಟನ್ನು ಕಿತ್ತುಕೊಂಡು, ಬೆಡ್‌ಶೀಟನ್ನು ಅವನ ಕೈಯಲ್ಲೇ ಬಿಟ್ಟು ಮೈಕಿನತ್ತ ಹೋದ.

ವೀರೇಶ ಚೆನ್ನಾಗಿ ಓದಿದ. ಮುನೀರ್ ಶಾಮಿಯಾನದ ಕಂಬ ಹಿಡಿದು ನಿಂತು, ಅವರ ಮುಖ ನೋಡಲಾರದೆ, ಮಡಿಲಲ್ಲಿದ್ದ ಅವರ ಕೈಗಳನ್ನು ನೋಡುತ್ತಿದ್ದ. ಹಣತೆ ಬಂತು, ದಾರಿ ಬಂತು, ಗಂಧದ ಕೊರಡು ಬಂತು. ಕೈಗಳು ಸುಮ್ಮನಿದ್ದವು. ಎಷ್ಟು ನಿವೃತ್ತಿಗಳಲ್ಲಿ ಈ ಮಾತುಗಳನ್ನು ಅವರು ಕೇಳಿಲ್ಲ! ಆಮೇಲೆ ವೀರೇಶ ಒಂದು ಗುಟುಕು ನೀರು ಕುಡಿದು, ದನಿ ಎಳೆದು, ಆ ಎರಡು ಸಾಲು ಓದಿದ.

ಕೈಗಳು ಒಂದನ್ನೊಂದು ಹಿಡಿದುಕೊಂಡವು. ಅವರು ನಿಧಾನವಾಗಿ ಶಾಲಿನ ಅಂಚನ್ನು ಎತ್ತಿ ಮುಖ ಮುಚ್ಚಿಕೊಂಡರು. ಭುಜ ಅಲುಗತೊಡಗಿತು. ಸಭೆ ಜೋರಾಗಿ ಚಪ್ಪಾಳೆ ತಟ್ಟಿತು. ಹೆಂಗಸರು ಕಣ್ಣೊರೆಸಿಕೊಂಡರು. ಎರಡು ಮಾತಾಡಬೇಕೆಂದು ಹೆಡ್ ಮೇಷ್ಟ್ರು ಕರೆದರೂ ಅವರು ಏಳಲಿಲ್ಲ. "ಮೇಡಂ ಭಾವುಕರಾಗಿದ್ದಾರೆ, ಅವರ ಮೌನವೇ ಅವರ ಮಾತು," ಎಂದು ಹೆಡ್ ಮೇಷ್ಟ್ರು ವಂದನಾರ್ಪಣೆಗೆ ಹೋದರು.

ಮುನೀರ್ ಊಟಕ್ಕೆ ಕೂರಲಿಲ್ಲ. ಶಾಲೆಯ ಹಿಂದಿನ ನಲ್ಲಿಯಲ್ಲಿ ಮುಖ ತೊಳೆದ. ತಾನು ಹಾಕಿದ ಗಾಜಿನೊಳಗೇ ಆ ಮಾತು ಕೂತಿತ್ತು. ಬಸ್ಸಿನಲ್ಲಿ ಜೋಪಾನ ಮಾಡಿ, ಒಡೆಯದ ಹಾಗೆ ತೊಡೆಯ ಮೇಲಿಟ್ಟುಕೊಂಡು ತಂದವನೂ ತಾನೇ.

"ಎಲ್ಲಿ ಹೋಗಿದ್ರಿ?" ವೀರೇಶ ಬೈಕಿನ ಕೀಲಿ ತಿರುಗಿಸುತ್ತ ಬಂದ. ಮುಖ ಅರಳಿತ್ತು. "ನೋಡಿದ್ರಲ್ಲ? ಹತ್ತು ಬಿನ್ನವತ್ತಳೆ ಕೇಳೀನಿ, ಹಿಂಗೆ ಅತ್ತೋರನ್ನ ನೋಡಿರಲಿಲ್ಲ. ಮಿಷನ್ನಿಗೆ ಮನಸಿಲ್ಲ ಅಂತಿದ್ರು ನಮ್ಮ ಹೆಡ್ ಮೇಷ್ಟ್ರು, ಈಗ ಹೇಳ್ಲಿ! ಹತ್ರಿ, ಮೇಡಂ ನಿಮ್ಮನ್ನ ಮನಿಗೆ ಕರ್ಕಂಡು ಬಾ ಅಂದಾರೆ. ಕಟ್ಟು ಹಿಡ್ಕಂಡು ಕೂತ್ಕಳ್ರಿ."

ಅವರ ಮನೆ ಸೊರಬದ ಹಳೆಯ ಕೇರಿಯಲ್ಲಿ. ವೀರೇಶ ಅವನನ್ನು ಬಾಗಿಲಲ್ಲಿ ಇಳಿಸಿ ಶಾಮಿಯಾನ ಬಿಚ್ಚಿಸಲು ಹಿಂದಿರುಗಿದ. ನಿರ್ಮಲಮ್ಮ ಶಾಲು ತೆಗೆದಿಟ್ಟು, ಮುಖ ತೊಳೆದು, ದಿನದ ಸೀರೆಯಲ್ಲಿದ್ದರು. ಕಣ್ಣು ಊದಿತ್ತು.

"ಬಾರೋ ಮುನೀರ. ಊಟ ಮಾಡದೆ ಎಲ್ಲಿ ತಪ್ಪಿಸ್ಕೊಂಡೆ? ಅವಲಕ್ಕಿ ಕಲಸ್ತೀನಿ ಕೂತ್ಕೋ."

ಅವನು ಕೂರಲಿಲ್ಲ. "ಅಕ್ಕೋರೇ, ತಪ್ಪಾತು. ನಂಗೆ ಮೊದ್ಲೇ ಗೊತ್ತಿತ್ತು. ತೆಗೆಸ್ಬೇಕಂತ ಮಾಡಿದ್ದೆ, ಆಗಲಿಲ್ಲ. ಬಸ್ಸು ತಡ ಆಗಿ..."

"ಯಾವ ತಪ್ಪು? ಆ ಸಾಲಾ?" ಅವರು ಅವನನ್ನೇ ನೋಡಿದರು. "ಮೂವತ್ಮೂರು ವರ್ಷ ಆಯ್ತು. ನಮ್ಮಮ್ಮ ಹೋದಳು, ನಮ್ಮವರು ಹೋದರು. ಇನ್ನು ನಾನೂ ಹೋದರೆ ಅದು ಹುಟ್ಟಿತ್ತು ಅನ್ನೋದು ಯಾರಿಗೆ ಗೊತ್ತು ಅಂತ ಇತ್ತು ನಂಗೆ. ಅಷ್ಟು ಜನರ ಮುಂದೆ ನೀನು ಅದನ್ನ ಹೇಳಿಸಿದೆಯಲ್ಲೋ. ಯಾರಿಗೂ ತಿಳೀದ ಹಾಗೆ, ನನಗೊಬ್ಬಳಿಗೆ ತಿಳಿಯೋ ಹಾಗೆ."

ಅವರು ಒಳಗೆ ಹೋಗಿ ಒಂದು ಸಣ್ಣ ಕಟ್ಟನ್ನು ತಂದು ಅವನ ಕೈಗಿತ್ತರು. ಅವನದೇ ಕೆಲಸ. ಒಂದು ಮೊಳೆ ಸೊಟ್ಟಗಿತ್ತು. ಗಾಜು ಮಾತ್ರ ಹೊಸದರಂತಿತ್ತು. ಗಾಜಿನ ಹಿಂದೆ ಬೆಳ್ಳಗೆ ಒಂದು ಕಲೆ, ಸುತ್ತಲೂ ಕಂದು ಅಂಚು; ಮುಖವೂ ಇರಲಿಲ್ಲ, ಬಟ್ಟೆಯೂ ಇರಲಿಲ್ಲ.

"ಅವರು ಇರೋ ತನಕ ಟ್ರಂಕಿನ ತಳದಲ್ಲಿ ಬೋರಲು ಹಾಕಿಟ್ಟಿದ್ದೆ. ಅವರು ಹೋದ ವರ್ಷ ತೆಗೆದು ನೋಡ್ತೀನಿ, ಥಂಡಿ ಹಿಡಿದು ಹೀಗಾಗಿದೆ. ಇದೊಂದೇ ಪ್ರತಿ ಇದ್ದದ್ದು."

ಅವನು ಕಟ್ಟನ್ನು ತಿರುಗಿಸಿದ. ಹಿಂದೆ ಬರೀ ರಟ್ಟು. ಸಂದಿಗೆ ಕಾಗದ ಅಂಟಿಸಿ ಮುಚ್ಚಬೇಕು, ಇಲ್ಲದಿದ್ದರೆ ತೇವ ಒಳಗೆ ಹೋಗುತ್ತದೆ ಎಂದು ಆಗ ಅವನಿಗೆ ಯಾರೂ ಕಲಿಸಿರಲಿಲ್ಲ. ಅವನ ಹೆಬ್ಬೆರಳು ಆ ಸಂದಿಯ ಉದ್ದಕ್ಕೂ ಹೋಗಿ ಬಂತು.

"ಅಕ್ಕೋರೇ," ಎಂದ, "ಆ ಬಿನ್ನವತ್ತಳೆ ನಾನು ಬರ್ದಿದ್ದಲ್ಲ."

ಅವರು ನಕ್ಕರು. "ಬಿಡಲಿಲ್ಲ ನೋಡು ಈ ಬುದ್ಧಿ. ಪ್ರಬಂಧ ಚೆನ್ನಾಗಿದೆ ಅಂದ್ರೆ ಸಾಕು, 'ನಾನಲ್ಲ ಅಕ್ಕೋರೇ, ಹೆಂಗೋ ಆತು' ಅಂತಿದ್ದೆ."

"ಖುದಾನಾಣೆ ಅಕ್ಕೋರೇ. ವೀರೇಶ ಮೇಷ್ಟ್ರ ಫೋನು ಬರ್ದಿದ್ದು. ಮಿಷನ್ನು. ನಂದು ಹಳೇದೊಂದು ತೋರ್ಸಿ, ಹಿಂಗೆ ಬರಿ ಅಂದಿದ್ದಾರೆ. ಬೇಕಾದ್ರೆ ಅವರನ್ನೇ ಕೇಳ್ರಿ."

"ಫೋನಿಗೆ ನನ್ನ ಮಗು ಗೊತ್ತೇನೋ?"

"ಇಲ್ಲ."

"ಅದು ನಗೋಕೆ ಶುರು ಮಾಡಿರಲಿಲ್ಲ ಅನ್ನೋದು?"

ಅವನು ಸಣ್ಣ ಕಟ್ಟನ್ನು ಮತ್ತೆ ಮುಂದಕ್ಕೆ ತಿರುಗಿಸಿದ.

"ಅದನ್ನ ನಾನು ನಮ್ಮವರಿಗೂ ಹೇಳಿರಲಿಲ್ಲ ಮುನೀರ. ನಿನ್ನ ಅಂಗಡೀಲಿ ಸ್ಟೂಲಿನ ಮೇಲೆ ಕೂತು ಹೇಳಿದ್ದು, ಅಷ್ಟೆ. ನೀನು ಮೊಳೆ ಹೊಡೀತಿದ್ದೆ, ಕೇಳಿಸ್ಲಿಲ್ಲ ಅಂದ್ಕೊಂಡಿದ್ದೆ ನಾನು." ಅವರು ಆ ಸೊಟ್ಟ ಮೊಳೆಯನ್ನು ಬೆರಳಿಂದ ಮುಟ್ಟಿದರು. "ಕೇಳಿಸಿತ್ತು ನಿಂಗೆ."

ಕೇಳಿಸಿತ್ತು. ಅದು ನಿಜ. ಅಂಗಿಯ ಒಳಜೇಬಿನಲ್ಲಿ ಅವನ ನಾಲ್ಕು ಹಾಳೆಗಳಿದ್ದವು. ಅವುಗಳನ್ನು ತೆಗೆದು ಕೊಡಬಹುದಿತ್ತು. ಇಗೋ ನಾನು ಬರೆದದ್ದು ಇದು ಎನ್ನಬಹುದಿತ್ತು. ಆ ನಾಲ್ಕರಲ್ಲಿ ಬೆಂಚು ಇತ್ತು, ಕತ್ತಲು ಇತ್ತು, ಹನ್ನೊಂದು ಜನರ ಹೆಸರೂ ಇತ್ತು. ಮಗುವಿನ ಮಾತು ಒಂದೂ ಇರಲಿಲ್ಲ. ಅವರಿಗೆ ನೋವಾಗಬಾರದೆಂದು ಮೂರು ತಿಂಗಳು ಒಂದೊಂದೇ ಪದ ತೂಗಿ, ಅದರ ಹತ್ತಿರಕ್ಕೂ ಹೋಗದಂತೆ ಬರೆದಿದ್ದ. ಅವನು ಸಣ್ಣ ಕಟ್ಟನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟ.

"ಆ ಬಿನ್ನವತ್ತಳೆ ಇಲ್ಲಿ ಹಾಕ್ಕೊಡು," ಎಂದು ಅವರು ನಡುಮನೆಯ ಗೋಡೆ ತೋರಿಸಿದರು. "ಮಗುವಿನ ಪಟ ಹಾಕ್ಬೇಕು ಅಂತ ಇದ್ದ ಜಾಗ. ಈಗ ಬೇಡ ಅನ್ನೋರು ಯಾರೂ ಇಲ್ಲ."

ಮಣ್ಣಿನ ಗೋಡೆ. ಮೊದಲ ಮೊಳೆ ಹೊಡೆದ ಕೂಡಲೇ ಅಂಗೈಯಗಲ ಗಾರೆ ಉದುರಿತು. ಇನ್ನೊಂದು ಕಡೆ ಹೊಡೆದ; ಮೊಳೆ ಒಳಗೇ ಸಡಿಲಾಗಿ ಅಲುಗಾಡಿತು. ಇದಕ್ಕೆ ಮರದ ಬೆಣೆ ಕೂರಿಸಿ, ಅದರ ಮೇಲೆ ಹೊಡೆಯಬೇಕೆಂದ. ಅದಕ್ಕೆ ಮುಂಚೆ ಎತ್ತರ ನೋಡಿಕೊಂಡುಬಿಡೋಣ, ಹಿಡಿದುಕೊಂಡು ನಿಲ್ಲು ಎಂದು ಅವರು ಎದುರಿನ ಕುರ್ಚಿಗೆ ಹೋಗಿ ಕೂತರು. ಮುನೀರ್ ದೊಡ್ಡ ಕಟ್ಟನ್ನು ಎರಡೂ ಕೈಯಲ್ಲಿ ಎತ್ತಿ ಗೋಡೆಗೆ ಆನಿಸಿ ಹಿಡಿದ. ಅವನ ಬೆನ್ನು ಅವರ ಕಡೆಗಿತ್ತು.

"ಇಷ್ಟು ಸಾಕಾ ಅಕ್ಕೋರೇ? ಇನ್ನೊಂಚೂರು ಕೆಳಗೆ?"

ಹಿಂದಿನಿಂದ, ಅಕ್ಷರ ಕೂಡಿಸಿ ಓದುವವರ ಹಾಗೆ, ಅವರು ತಮ್ಮಷ್ಟಕ್ಕೆ ಸಣ್ಣ ದನಿಯಲ್ಲಿ ಓದಿಕೊಳ್ಳುವುದು ಕೇಳಿಸಿತು. ಆ ಸಾಲಿನ ಕೊನೆಗೆ ಬಂದು ಮತ್ತೆ ಅದರ ಮೊದಲಿಗೆ ಹೋಗುತ್ತಿದ್ದರು. ತೋಳು ಸೋಲುತ್ತ ಬಂತು. ತಿರುಗಿ ನೋಡಿದರೆ ಕಟ್ಟು ವಾಲುತ್ತದೆಂದು ಅವನು ಹಾಗೆಯೇ ಹಿಡಿದು ನಿಂತ.